ರೊಟ್ಟಿಯ ಕಸರತ್ತು

ನನಗೆ ಸಂಧಿವಾತ ಎಂದು ಹೇಳಿದ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ಸೊಲ್ಲಾಪುರದ ಆ ಮನುಷ್ಯ ರಕ್ತದ ರಿಪೋರ್ಟು ನೋಡಿದ, ಬೆರಳಿನ ಗೆಣ್ಣುಗಳನ್ನು ಒತ್ತಿ ನೋಡಿದ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನನ್ನ ಸಿಟ್ಟೆಲ್ಲ ಆಮೇಲೆ ಬಾಯಿ ತೆರೆದವರ ಮೇಲೆ. ಅಂಥವರಿಗೆ ಕಲಬುರಗಿಯಲ್ಲಿ ಬರವಿಲ್ಲ.

ಜೇವರ್ಗಿ ಕಾಲೋನಿಯ ನಮ್ಮ ಓಣಿಯಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವ ನಿವೃತ್ತರ ಒಂದು ಗುಂಪಿದೆ. ನನ್ನ ರೋಗದ ಸುದ್ದಿ ತಿಳಿದ ಮರುದಿನವೇ ಅವರೆಲ್ಲ ಗೇಟಿನ ಮುಂದೆ ನಿಂತು, ಕೂತರೆ ಮೈಗೆ ತುಕ್ಕು ಹಿಡಿಯುತ್ತದೆ, ಬೆವರಿಳಿಯುವ ಹಾಗೆ ನಡೆಯಬೇಕು ಎಂದು ಉಪದೇಶ ಮಾಡಿ ಹೋದರು. ಎದುರು ಮನೆಯಾಕೆ ಬದನೆಕಾಯಿ ಬಿಡಲು ಹೇಳಿದಳು. ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ಅಂಗಡಿಯವನು ಸೀರೆಗೆ ಫಾಲ್ ಬೇಕೇನು ಎಂದು ಕೇಳಿದ ಉಸಿರಿನಲ್ಲೇ ಔಡಲೆಣ್ಣೆ ತಿಕ್ಕಿಕೊಳ್ಳಿ ಎಂದ. ಇವರಲ್ಲಿ ಒಬ್ಬರಾದರೂ ನನಗೆ ಏನಾಗುತ್ತದೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಹೇಳುವುದು ಕಷ್ಟವೂ ಅಲ್ಲ. ಹೊರಗಿನಿಂದ ಬಂದ ರೋಗಾಣುವಿನ ಮೇಲೆ ಬೀಳಬೇಕಾದ ಮೈಯೊಳಗಿನ ಕಾವಲು ಪಡೆ ನನ್ನ ಕೀಲುಗಳ ಮೇಲೆಯೇ ಬಿದ್ದಿದೆ. ಬೇಲಿಯೇ ಎದ್ದು ಹೊಲ ಮೇಯುವುದು ಅನ್ನುತ್ತಾರಲ್ಲ, ಅದು ನನ್ನ ಮಣಿಕಟ್ಟಿನಲ್ಲಿ ದಿನವೂ ನಡೆಯುತ್ತದೆ. ಬೆಳಿಗ್ಗೆ ಎದ್ದಾಗ ಎರಡೂ ಕೈ ಅರ್ಧ ಮುಚ್ಚಿಕೊಂಡೇ ಇರುತ್ತವೆ. ಬಿಡಿಸಲು ಹೋದರೆ ಬರುವುದಿಲ್ಲ. ಒಂದು ತಾಸು ಬಿಸಿನೀರಿನ ಬೋಗುಣಿಯಲ್ಲಿ ಇಟ್ಟ ಮೇಲೆ ತಾವಾಗಿ ಸಡಿಲುತ್ತವೆ, ಉಪಕಾರ ಮಾಡಿದವರ ಹಾಗೆ.

ನಾನು ಕಮಲಾಪುರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕಮಲಾಪುರ ನನ್ನ ತವರು. ಆದರೆ ನಮ್ಮ ಮನೆಯವರಿಗೆ ಕಪನೂರಿನ ದಾಲ್ ಮಿಲ್ಲಿನಲ್ಲಿ ಕೆಲಸ, ಆದ್ದರಿಂದ ಸಂಸಾರ ಕಲಬುರಗಿಯಲ್ಲಿ. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ಆ ಬಸ್ಸಿನ ಬಾಗಿಲಲ್ಲಿ ನಡೆಯುವ ಯುದ್ಧ ನೋಡಿದವರಿಗೇ ಗೊತ್ತು. ಮೊದಲ ಮೆಟ್ಟಿಲು ಮೊಣಕಾಲಿನ ಎತ್ತರಕ್ಕಿರುತ್ತದೆ. ಬಾಗಿಲ ಪಕ್ಕದ ಕಂಬಿಯನ್ನು ಬಲಗೈಯಿಂದ ಗಟ್ಟಿಯಾಗಿ ಹಿಡಿದು, ಮೈಯನ್ನೆಲ್ಲ ಆ ಒಂದು ಕೈಯ ಮೇಲೆ ಎಳೆದುಕೊಂಡು ಏರಬೇಕು. ಹದಿನೇಳು ವರ್ಷ ಹಾಗೆಯೇ ಏರಿದೆ. ಒಂದು ದಿನ ಬೆರಳುಗಳು ಕಂಬಿಯನ್ನು ಸುತ್ತಿದವು, ಆದರೆ ಹಿಡಿಯಲಿಲ್ಲ. ಹಿಂದಿದ್ದ ಹೆಂಗಸಿನ ಮೇಲೆ ಬಿದ್ದೆ. ಆಕೆ ನನ್ನನ್ನು ಬೈದಳು, ಕಂಡಕ್ಟರ್ ಇಬ್ಬರನ್ನೂ ಬೈದ, ಬಸ್ಸು ಹೋಯಿತು.

ಅವತ್ತು ಸಂಜೆಯೇ ನಮ್ಮ ಮನೆಯವರು ಸ್ವಯಂ ನಿವೃತ್ತಿಯ ಮಾತು ತೆಗೆದರು. ಸಿಟ್ಟಿನಿಂದಲ್ಲ, ಮುದ್ದಿನಿಂದ. ಆ ಮುದ್ದು ನನಗೆ ಸಿಟ್ಟಿಗಿಂತ ಹೆಚ್ಚು ಚುಚ್ಚಿತು. ಸಾಕು ಮಾಡು, ಮನೆಯಲ್ಲಿ ಆರಾಮಾಗಿ ಇರು ಎಂದರು. ನಾನು ಇನ್ನೂ ಮೂರು ತಿಂಗಳು ನೋಡುತ್ತೇನೆ ಎಂದೆ. ಬಸ್ಸಿನ ಕಂಬಿ ಹಿಡಿಯುವುದಾದರೆ ನೌಕರಿ, ಇಲ್ಲವಾದರೆ ಮನೆ. ಅಂದಿನಿಂದ ನನ್ನ ಬದುಕಿನ ಲೆಕ್ಕವೆಲ್ಲ ಇಷ್ಟೇ ಆಯಿತು.

ಡಾಕ್ಟರು ವಾರಕ್ಕೊಮ್ಮೆ ನುಂಗುವ ಒಂದು ಗುಳಿಗೆ ಬರೆದಿದ್ದರು. ಅದು ಮೈಗೆ ಹತ್ತುವವರೆಗೆ, ಕೆಲವು ವಾರಗಳ ಮಟ್ಟಿಗೆ, ಸ್ಟೆರಾಯ್ಡ್ ಗುಳಿಗೆ. ಜೊತೆಗೆ ವ್ಯಾಯಾಮ ಬಿಡಬಾರದು, ಆದರೆ ಕಲಿತು ಮಾಡಬೇಕು ಎಂದು ನಮ್ಮ ಕಾಲೋನಿಯ ಒಂದು ಫಿಜಿಯೋಥೆರಪಿ ಕ್ಲಿನಿಕ್ಕಿಗೆ ಹೋಗಲು ಹೇಳಿದರು. ಅಲ್ಲಿದ್ದಾಕೆ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವಳು. ನಗುವ ಅಭ್ಯಾಸ ಅವಳಿಗಿರಲಿಲ್ಲ. ಬಿಪಿ ನೋಡುವ ಪಟ್ಟಿಯನ್ನು ಸುರುಳಿ ಸುತ್ತಿ, ಸ್ವಲ್ಪ ಗಾಳಿ ತುಂಬಿ, ನನ್ನ ಮುಷ್ಟಿಯೊಳಗೆ ಇಟ್ಟು ಹಿಸುಕಲು ಹೇಳಿದಳು. ಸೂಜಿ ಎಷ್ಟು ಮೇಲೆ ಹೋಗುತ್ತದೋ ಅಷ್ಟು ನಿಮ್ಮ ಹಿಡಿತ ಎಂದಳು. ನಾನು ಹಲ್ಲು ಕಚ್ಚಿ ಹಿಸುಕಿದೆ. ಸೂಜಿ ಅಲುಗಿತು, ಅಷ್ಟೇ. ಅವಳು ಬರೆದುಕೊಂಡಳು.

ಆಮೇಲೆ ನಿಯಮ ಹೇಳಿದಳು. ಕೀಲು ಬಿಸಿಯಾಗಿ ಬಾತ ದಿನ ಭಾರ ಹಾಕಬಾರದು, ಮೆಲ್ಲಗೆ ಆಡಿಸಿ ಬಿಡಬೇಕು. ಕಸರತ್ತು ಮುಗಿದು ಎರಡು ತಾಸಾದರೂ ನೋವು ಹೆಚ್ಚೇ ಇದ್ದರೆ ಅವತ್ತು ಮಾಡಿದ್ದು ಅತಿಯಾಯಿತು, ಮರುದಿನ ಕಡಿಮೆ ಮಾಡಬೇಕು. ಲೋಟವಾಗಲಿ, ಚರಿಗೆಯಾಗಲಿ, ಪುಸ್ತಕವಾಗಲಿ, ಎಲ್ಲವನ್ನೂ ಎರಡೂ ಕೈಯಿಂದ ಹಿಡಿಯಬೇಕು. ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಇಟ್ಟು ಬೆರಳು ಬಿಚ್ಚಿ ಮುಚ್ಚಬೇಕು. ಬಾವು ಇಲ್ಲದ ದಿನ ಮೆತ್ತನೆಯ ಉಂಡೆಯೊಂದನ್ನು ಹತ್ತು ಸಲ ಹಿಸುಕಬೇಕು. ಅದಕ್ಕೆ ಅಂಗಡಿಯ ಸಾಮಾನೇ ಬೇಕೆಂದಿಲ್ಲ, ಚಪಾತಿ ಹಿಟ್ಟಿನ ಉಂಡೆಯೂ ನಡೆಯುತ್ತದೆ.

ಈ ಕೊನೆಯ ಮಾತನ್ನು ಅವ್ವನ ಮುಂದೆ ಹೇಳಿದ್ದು ನನ್ನ ತಪ್ಪು.

ಅವ್ವ ನನ್ನನ್ನು ನೆಟ್ಟಗೆ ಮಾಡಲೆಂದೇ ಕಮಲಾಪುರದಿಂದ ಬಂದಿದ್ದಳು. ಎಪ್ಪತ್ತು ದಾಟಿದವಳು, ಒಂದು ದಿನ ಹಾಸಿಗೆ ಹಿಡಿದವಳಲ್ಲ. ನಮ್ಮ ಬಾಳೆಯ ತೋಟದಲ್ಲಿ ದುಡಿಯುವವರಿಗೆಲ್ಲ ಬೆಳಗಾಗುವುದರೊಳಗೆ ರೊಟ್ಟಿ ಬಡಿದು ಹಾಕಿದವಳು. ಜಡ್ಡು, ರೋಗ ಎಂದರೆ ಅವಳ ಪ್ರಕಾರ ಸೋಮಾರಿಗಳು ಕಟ್ಟಿಕೊಂಡ ಹೆಸರು. ಬಂದ ದಿನ ನಾನು ಎರಡೂ ಕೈಯಿಂದ ನೀರಿನ ಚರಿಗೆ ಎತ್ತಿದ್ದನ್ನು ನೋಡಿ, ನಾನಿನ್ನೂ ಒಂದು ಕೈಯಿಂದ ಕೊಡ ಎತ್ತುತ್ತೇನೆ, ನೀನು ಮುದುಕಿಯಾದೆಯಾ ಎಂದು ನಕ್ಕಿದ್ದಳು. ಆಮೇಲೆ ನಮ್ಮ ಅಡುಗೆಮನೆಯ ರೊಟ್ಟಿ ಡಬ್ಬಿ ತೆರೆದಳು. ಒಂದು ವರ್ಷದಿಂದ ಓಣಿಯ ಮೂಲೆಯ ರೊಟ್ಟಿ ಸೆಂಟರಿನಿಂದ ತರಿಸುತ್ತಿದ್ದ ರೊಟ್ಟಿ ಅದರಲ್ಲಿತ್ತು. ಒಂದನ್ನು ಬೆರಳ ತುದಿಯಲ್ಲಿ ಎತ್ತಿ, ಸತ್ತ ಹಲ್ಲಿಯನ್ನು ನೋಡುವ ಹಾಗೆ ನೋಡಿದಳು.

ಫಿಜಿಯೋ ಹೇಳಿದ್ದನ್ನು ನಾನು ಹೇಳುತ್ತಾ ಹೋದೆ. ಅವ್ವ ಪೂರ್ತಿ ಕೇಳಿದಳು, ಕೇಳಿ ತೀರ್ಪು ಕೊಟ್ಟಳು.

"ಬಿಸಿನೀರು ಅಂದಾಳ, ಹಿಟ್ಟು ಅಂದಾಳ, ಕೈ ಆಡಸು ಅಂದಾಳ. ಮೂರೂ ಕೂಡಿದ್ರ ರೊಟ್ಟಿ ಅಲ್ಲೇನ? ಇದನ್ನ ಆ ಕಸರತ್ತಿನ ಹುಡುಗಿ ಕಡೆ ಹೋಗಿ ಕಲೀಬೇಕೇನ ನೀ?"

ನಾನು ಗಣಿತ ಕಲಿಸುವವಳು. ಮೂರು ಸರಿಯಾದ ಮಾತುಗಳಿಂದ ಒಂದು ತಪ್ಪು ಉತ್ತರ ಹೇಗೆ ಬರುತ್ತದೆ ಎಂದು ವರ್ಷಕ್ಕೆ ನೂರು ಮಕ್ಕಳಿಗೆ ತೋರಿಸಿದವಳು. ಆದರೆ ಆ ಹೊತ್ತಿಗೆ ಅವ್ವನ ಮಾತು ನನಗೆ ತಪ್ಪೆನಿಸಲಿಲ್ಲ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಬೇಕು, ನಾದಿದ್ದನ್ನು ಉಂಡೆ ಮಾಡಬೇಕು, ಉಂಡೆಯನ್ನು ಅಂಗೈಯಿಂದ ಬಡಿದು ಹರಡಬೇಕು. ನಿಜವಾಗಿ ಎಲ್ಲವೂ ಅದರಲ್ಲಿತ್ತು. ಇನ್ನೊಂದು ಕಾರಣವನ್ನೂ ಮುಚ್ಚಿಡುವುದಿಲ್ಲ. ರೊಟ್ಟಿ ಬಡಿಯುವುದರಲ್ಲಿ ನನಗೆ ಸೊಕ್ಕು ಇತ್ತು. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದವರು ನನ್ನ ಬಿಎಸ್‌ಸಿ ಬಗ್ಗೆ ಒಂದು ಮಾತು ಕೇಳಲಿಲ್ಲ, ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ ಹೂಂ ಎಂದಿದ್ದರು. ಅವತ್ತು ಉರಿದುಕೊಂಡಿದ್ದೆ. ಆದರೆ ಆ ಹೂಂ ಮನಸ್ಸಿನಲ್ಲಿ ಎಲ್ಲೋ ಉಳಿದಿತ್ತು.

ರೊಟ್ಟಿ ಸೆಂಟರಿನಿಂದ ತರಿಸುವುದು ಬಂದ್ ಆಯಿತು. ಮರುದಿನ ಬೆಳಿಗ್ಗೆ ಅವ್ವ ಹಿಟ್ಟು ನಾದುವ ಪರಾತ ಮುಂದಿಟ್ಟಳು. ಮೊದಲು ಐದು ರೊಟ್ಟಿ. ಬಿಸಿ ಹಿಟ್ಟಿನಲ್ಲಿ ಬೆರಳು ಇಳಿದಾಗ ಸುಖವಾಯಿತು, ಸುಳ್ಳು ಹೇಳುವುದಿಲ್ಲ. ಒಂದು ವಾರದಲ್ಲಿ ಹತ್ತಾಯಿತು. ಎರಡನೆಯ ವಾರಕ್ಕೆ ಹದಿನೈದು. ಬಸ್ಸಿನ ಕಂಬಿ ಹಿಡಿಯಲು ಬಂತು. ಎದುರು ಮನೆಯಾಕೆಯನ್ನು ಕರೆದು ಅವ್ವ ತೋರಿಸಿದಳು. ಆಕೆ ಬದನೆಕಾಯಿ ಬಿಟ್ಟಿದ್ದರಿಂದ ಆಯಿತು ಎಂದಳು. ನಮ್ಮ ಮನೆಯವರು ನಿವೃತ್ತಿಯ ಮಾತು ನಿಲ್ಲಿಸಿದರು. ನಾನು ಫಿಜಿಯೋ ಕ್ಲಿನಿಕ್ಕಿಗೆ ಹೋಗುವುದನ್ನು ನಿಲ್ಲಿಸಿದೆ.

ಕೈ ಸಡಿಲಾಗಿದ್ದು ರೊಟ್ಟಿಯಿಂದಲ್ಲ, ಸ್ಟೆರಾಯ್ಡ್ ಗುಳಿಗೆಯಿಂದ. ಅದು ಬಾವನ್ನು ಒತ್ತಿ ಹಿಡಿದಿತ್ತು, ನೋವಿನ ಬಾಯಿ ಮುಚ್ಚಿಸಿತ್ತು. ಡಾಕ್ಟರು ಮೊದಲೇ ಹೇಳಿದ ಹಾಗೆ ಡಿಸೆಂಬರಿನಲ್ಲಿ ಅದನ್ನು ಇಳಿಸುತ್ತ ಬಂದರು. ಆದರೆ ರೊಟ್ಟಿಯ ಲೆಕ್ಕವನ್ನು ಯಾರೂ ಇಳಿಸಲಿಲ್ಲ. ಏಕೆಂದರೆ ಮುಂದೆ ಎಳ್ಳಮಾವಾಸ್ಯೆ ಇತ್ತು.

ನಮ್ಮ ಕಡೆಯ ಎಳ್ಳಮಾವಾಸ್ಯೆ ಎಂದರೆ ಬಂಧುಗಳೆಲ್ಲ ಹೊಲಕ್ಕೆ ಹೋಗಿ, ಭೂಮಿಗೆ ಪೂಜೆ ಮಾಡಿ, ಬೆಳೆಯ ನಡುವೆ ಅನ್ನದ ಚರಗ ಚೆಲ್ಲಿ, ಮರದ ನೆರಳಲ್ಲಿ ಸಾಲಾಗಿ ಕೂತು ಉಣ್ಣುವ ಹಬ್ಬ. ಸೊಪ್ಪು ಕಾಳು ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಅದರ ಜೊತೆಗೆ ಎಳ್ಳು ಹಚ್ಚಿದ ಸಜ್ಜೆಯ ಖಡಕ್ ರೊಟ್ಟಿ. ರೊಟ್ಟಿಯನ್ನು ಎರಡು ಮೂರು ದಿನ ಮುಂಚೆಯೇ ಬಡಿದು ಒಣಗಿಸಬೇಕು. ಆ ವರ್ಷ ಎಲ್ಲ ರೊಟ್ಟಿ ನನ್ನ ಮಗಳೇ ಮಾಡುತ್ತಾಳೆ ಎಂದು ಅವ್ವ ಕಮಲಾಪುರಕ್ಕೆ ಫೋನ್ ಮಾಡಿ ಹೇಳಿಬಿಟ್ಟಿದ್ದಳು. ಅರವತ್ತು ರೊಟ್ಟಿ. ಸಜ್ಜೆಯ ಹಿಟ್ಟು ಹಟಮಾರಿ. ಜೋಳದ್ದಕ್ಕಿಂತ ಬೇಗ ಬಿರಿಯುತ್ತದೆ, ಅಂಚನ್ನು ಬೆರಳಿನಿಂದ ಒತ್ತಿ ಒತ್ತಿ ಕೂಡಿಸಬೇಕು.

ಮೊದಲ ದಿನ ಮೂವತ್ತು ಬಡಿದೆ. ಕೊನೆಯ ನಾಲ್ಕಕ್ಕೆ ಬರುವಾಗ ಮಣಿಕಟ್ಟು ಬಿಸಿಯಾಗಿತ್ತು. ಹಂಚಿನ ಶಾಖ ಎಂದುಕೊಂಡೆ. ಮಧ್ಯಾಹ್ನವಾದರೂ ಬಿಸಿ ಇಳಿಯಲಿಲ್ಲ. ಎರಡು ತಾಸಿನ ನಿಯಮ ನನಗೆ ನೆನಪಿತ್ತು. ಮರೆತಿದ್ದೆ ಎಂದು ಹೇಳಿದರೆ ನನಗೇ ಅನುಕೂಲ, ಆದರೆ ನೆನಪಿತ್ತು. ಗಡಿಯಾರ ನೋಡಿದೆ, ನಾಲ್ಕು ತಾಸಾಗಿತ್ತು. ನಾಳೆ ನನ್ನಿಂದ ಆಗುವುದಿಲ್ಲ ಎಂದು ಅವ್ವನಿಗೆ ಹೇಳಿದೆ.

"ನೋವು ಬಂದ್ರೇ ಕಸರತ್ತು ಮೈಗಿ ಹತ್ತಿತು ಅಂತ ತಿಳಿ," ಎಂದಳು. "ನಾ ನಿನ್ನ ಹಡದ ಮೂರನೇ ದಿನಕ್ಕ ರೊಟ್ಟಿ ಬಡದೀನಿ."

ನನ್ನನ್ನು ಹಡೆದದ್ದನ್ನು ಅವ್ವ ಆಗಾಗ ಹೀಗೆ ಹೊರತೆಗೆಯುತ್ತಾಳೆ. ಮರುದಿನ ಮಿಕ್ಕ ಮೂವತ್ತನ್ನು ಬಡಿದೆ. ಬೆರಳು ಮಡಚದೆ, ಅಂಗೈಯ ಬುಡದಿಂದ, ಉಸಿರು ಹಿಡಿದುಕೊಂಡು ಬಡಿದೆ. ಕೊನೆಯವು ಗುಂಡಗಿರಲಿಲ್ಲ. ಅವ್ವ ಅವುಗಳನ್ನು ಅಡಿಯಲ್ಲಿ ಇಟ್ಟು ಕಟ್ಟಿದಳು.

ಹಬ್ಬದ ದಿನ ಕಮಲಾಪುರದ ಹೊಲದಲ್ಲಿ ನನ್ನ ಬಲಗೈ ಬಳೆ ಏರದಷ್ಟು ಬಾತಿತ್ತು. ಸೆರಗಿನಲ್ಲಿ ಮುಚ್ಚಿಕೊಂಡು ಕೂತೆ. ಭಜ್ಜಿ ಬಡಿಸಿದರು, ರೊಟ್ಟಿ ಇಟ್ಟರು. ರೊಟ್ಟಿ ಮುರಿಯಲು ಹೋದೆ. ಆ ರೊಟ್ಟಿಯನ್ನು ಮಾಡಿದ ಕೈಯಿಂದ ಆ ರೊಟ್ಟಿಯನ್ನು ಮುರಿಯಲಾಗಲಿಲ್ಲ. ಹಸಿವಾಗಿತ್ತು, ಎಡಗೈಯಿಂದ ಮುರಿದು ಎಡಗೈಯಿಂದಲೇ ಬಾಯಿಗಿಟ್ಟೆ. ಎದುರಿಗೆ ಕೂತಿದ್ದ ಕಾಕಿ, ಅಪ್ಪನ ತಮ್ಮನ ಹೆಂಡತಿ, ನನ್ನ ಕೈಯನ್ನು ನೋಡಿ ಅವ್ವನನ್ನು ನೋಡಿದಳು. ಅಲ್ಲಿಯವರೆಗೆ ಅವ್ವ ಎಲ್ಲರಿಗೂ ನನ್ನ ರೊಟ್ಟಿಯ ಗುಣಗಾನ ಮಾಡುತ್ತಿದ್ದಳು. ಈಗ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಬಲಗೈಲೆ ಉಣ್ಣು. ನಾಕ ಮಂದಿ ನೋಡಾಕತ್ತಾರ."

ನಾನು ಸೆರಗು ಸರಿಸಿ ಆ ಕೈಯನ್ನು ಅವಳ ಮುಂದಿಟ್ಟೆ. ಅವ್ವ ಒಂದು ಕ್ಷಣ ನೋಡಿದಳು. ನಂತರ ಸೆರಗನ್ನು ಎಳೆದು ಮತ್ತೆ ಮುಚ್ಚಿದಳು. ಕೈ ನೋಡಿ ಮುಚ್ಚಿದ್ದಕ್ಕೆ ನನಗೆ ಸಿಟ್ಟಿನಿಂದ ಕಣ್ಣೀರು ಬಂತು, ನೋವಿಗೂ ಅಷ್ಟು ಬಂದಿರಲಿಲ್ಲ. ಎದ್ದು ಹೋಗಿ ಬಾಳೆಯ ಸಾಲಿನಲ್ಲಿ ಒಬ್ಬಳೇ ನಿಂತೆ.

ಕಲಬುರಗಿಗೆ ಮರಳಿ ಕ್ಲಿನಿಕ್ಕಿಗೆ ಹೋದಾಗ ಫಿಜಿಯೋ ಕುರ್ಚಿ ತೋರಿಸಿದಳೇ ಹೊರತು ಕುಳಿತುಕೊಳ್ಳಿ ಎನ್ನಲಿಲ್ಲ. ಕೈಯನ್ನು ದಿಂಬಿನ ಮೇಲೆ ಇಟ್ಟು, ಬೆರಳು ಒಂದೊಂದಾಗಿ ಎತ್ತಲು ಹೇಳಿದಳು. ಕಿರುಬೆರಳು ಪೂರ್ತಿ ಏಳಲಿಲ್ಲ.

"ಹಿಟ್ಟು ಹಿಸಕ್ರಿ ಅಂದಿದ್ದೆ ಟೀಚರ್. ನೀವು ಬಡದೀರಿ. ಹಿಸಕೋದು ಬ್ಯಾರೆ, ಬಡಿಯೋದು ಬ್ಯಾರೆ. ಇಲ್ಲಿ ಬೆರಳು ಎತ್ತೋ ಸ್ನಾಯುವಿನ ಹುರಿ ಸವದದ. ಅದು ಹರೀತಂದ್ರ ಬೆರಳು ಕೆಳಗ ಬೀಳ್ತದ, ಮತ್ತ ಆಪರೇಷನ್ನೇ."

ಸೊಲ್ಲಾಪುರದ ಡಾಕ್ಟರೂ ಅದನ್ನೇ ಹೇಳಿದರು, ಇನ್ನೂ ಸ್ವಲ್ಪ ಮೆತ್ತಗೆ. ಆರು ವಾರ ಮಣಿಕಟ್ಟಿಗೆ ಪಟ್ಟಿ. ಗುಳಿಗೆಯ ಪ್ರಮಾಣ ಬದಲಾಯಿತು. ಶಾಲೆಗೆ ರಜೆ. ಅವ್ವ ಹಬ್ಬ ಮುಗಿದ ಮೇಲೆ ಕಮಲಾಪುರದಲ್ಲೇ ಉಳಿದುಕೊಂಡಳು. ಫೋನಿನಲ್ಲಿ ನಮ್ಮ ಮನೆಯವರ ಜೊತೆ ಮಾತಾಡುತ್ತಿದ್ದಳು, ನನ್ನ ಹತ್ತಿರ ಅಲ್ಲ. ತಪ್ಪಾಯಿತು ಎನ್ನಲಿಲ್ಲ. ತಪ್ಪು ಸಜ್ಜೆಯ ಹಿಟ್ಟಿನದು ಎಂದು ಅವರಿಗೆ ಹೇಳಿದಳಂತೆ, ಹಿಟ್ಟು ಹಳೆಯದಿತ್ತಂತೆ.

ಮೂರನೆಯ ವಾರದಲ್ಲಿ ನಮ್ಮ ಮನೆಯವರು ಸ್ವಯಂ ನಿವೃತ್ತಿಯ ಅರ್ಜಿ ತಂದು ಮೇಜಿನ ಮೇಲಿಟ್ಟರು. ನನ್ನ ಸಹಿಗೆ ಜಾಗ ಬಿಟ್ಟು ಮಿಕ್ಕದ್ದನ್ನೆಲ್ಲ ತಾವೇ ತುಂಬಿದ್ದರು. ಕಾರಣ ಎಂಬ ಕಡೆ "ಅನಾರೋಗ್ಯ" ಎಂದು ತಮ್ಮ ಮುದ್ದಾದ ಅಕ್ಷರದಲ್ಲಿ ಬರೆದಿದ್ದರು. ನನ್ನ ಕೈ ಪಟ್ಟಿಯಲ್ಲಿತ್ತು. ಸಹಿ ಮಾಡಬೇಕೆಂದರೂ ಆಗುತ್ತಿರಲಿಲ್ಲ. ಅದನ್ನು ಅವರಿಗೆ ತೋರಿಸಿದೆ. ನೌಕರಿ ಬಿಡುವುದಕ್ಕೂ ಮೊದಲು ನನ್ನ ಕೈ ನೆಟ್ಟಗಾಗಬೇಕು ಎಂದೆ. ಅವರು ಅರ್ಜಿಯನ್ನು ಕಪಾಟಿನಲ್ಲಿಟ್ಟರು, ಹರಿಯಲಿಲ್ಲ. ನಾನು ನೋಡಿದೆ.

ಅಲ್ಲಿಂದ ನನ್ನ ನಿಜವಾದ ಕಸರತ್ತು ಶುರುವಾಯಿತು. ಅದು ಎಷ್ಟು ಬೇಸರದ್ದು ಎಂದು ಯಾರೂ ಹೇಳುವುದಿಲ್ಲ. ಮಣಿಕಟ್ಟಿನ ಪಟ್ಟಿ ಇರುವಾಗಲೇ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ಒಂದು ಬೆರಳು ಎತ್ತುವುದು, ಇಳಿಸುವುದು. ಇನ್ನೊಂದು ಬೆರಳು. ಹೆಬ್ಬೆರಳನ್ನು ಒಂದೊಂದು ಬೆರಳ ತುದಿಗೆ ಮುಟ್ಟಿಸುವುದು. ಅಷ್ಟೇ. ಬೆವರಿಲ್ಲ, ಏದುಸಿರಿಲ್ಲ, ನೋಡಿದವರಿಗೆ ಈಕೆ ಏನೋ ಎಣಿಸುತ್ತಿದ್ದಾಳೆ ಎನ್ನಿಸಬೇಕು. ದಿನಕ್ಕೆ ಮೂರು ಸಲ. ಅರವತ್ತು ರೊಟ್ಟಿ ಬಡಿದ ಸೊಕ್ಕಿನವಳಿಗೆ ಒಂದು ಕಿರುಬೆರಳು ಎತ್ತಲು ಐದು ವಾರ ಹಿಡಿಯಿತು.

ನಡಿಗೆಯೂ ಹಾಗೆಯೇ. ಮೊದಲು ಎಂಟು ನಿಮಿಷ, ಓಣಿಯ ಮೂಲೆಯವರೆಗೆ ಹೋಗಿ ಬರುವುದು. ಎರಡು ತಾಸು ಬಿಟ್ಟು ಮೊಣಕಾಲನ್ನು ಕೇಳುವುದು. ಅದು ಸುಮ್ಮನಿದ್ದರೆ ಮುಂದಿನ ವಾರ ಒಂದು ನಿಮಿಷ ಹೆಚ್ಚು. ಜ್ವರದ ಹಾಗೆ ಮೈ ಬೆಚ್ಚಗಿದ್ದ ದಿನ ನಡಿಗೆ ಇಲ್ಲ, ಯಾರು ಏನೇ ಅನ್ನಲಿ. ಅನ್ನುವವರು ಅಂದೇ ಅನ್ನುತ್ತಿದ್ದರು. ನಿವೃತ್ತರ ಗುಂಪು ನನ್ನನ್ನು ದಾಟಿ ಹೋಗುವಾಗ ಸ್ಪೀಡು ಹೆಚ್ಚಿಸಿ ಮೇಡಂ ಎಂದು ಕೂಗುತ್ತಿತ್ತು. ಒಂದು ದಿನ ನಾನೂ ನಿಂತು, ನಿಮ್ಮಲ್ಲಿ ಇಬ್ಬರ ಎದೆಯಲ್ಲಿ ಸ್ಟೆಂಟ್ ಇದೆ, ನೀವು ಸ್ಪೀಡು ಕಡಿಮೆ ಮಾಡಿ ಎಂದೆ. ಆಮೇಲೆ ಅವರು ಎದುರಿನ ರಸ್ತೆಯಲ್ಲಿ ಹೋಗತೊಡಗಿದರು. ಒಳ್ಳೆಯದಾಯಿತು.

ಪಟ್ಟಿ ಬಿಚ್ಚಿದ ಮೇಲೆ ಮನೆಯ ಮೆಟ್ಟಿಲಲ್ಲಿ ಬಸ್ಸಿನ ತಾಲೀಮು. ಕೆಳಗಿನ ಮೆಟ್ಟಿಲಿಗೆ ಮಾತ್ರ ಏರುವುದು, ಇಳಿಯುವುದು, ಕಟಾಂಜನವನ್ನು ಎರಡೂ ಕೈಯಿಂದ ಹಿಡಿದು, ಭಾರವನ್ನು ತೊಡೆಯ ಮೇಲೆ ಹಾಕಿ. ಕೈ ಎಳೆಯಬಾರದು, ಕಾಲು ಎತ್ತಬೇಕು. ಕೈ ಇರುವುದು ಬೀಳದ ಹಾಗೆ ಹಿಡಿಯಲು ಮಾತ್ರ ಎಂದು ಫಿಜಿಯೋ ಕಲಿಸಿದಳು. ಹದಿನೇಳು ವರ್ಷ ನಾನು ಬಸ್ಸನ್ನು ತಪ್ಪಾಗಿ ಹತ್ತಿದ್ದೆ. ಜೂನಿನಲ್ಲಿ ಶಾಲೆ ತೆರೆಯಿತು. ಚೀಲವನ್ನು ಬೆನ್ನಿಗೆ ಹಾಕಿಕೊಂಡು, ಎರಡೂ ಕೈಯಿಂದ ಕಂಬಿ ಹಿಡಿದು, ಕಾಲು ಎತ್ತಿದೆ. ಕಂಡಕ್ಟರ್ ಲಗೂ ಏರ್ರಿ ಎಂದ. ನಾನು ನಿಧಾನವಾಗಿಯೇ ಏರಿದೆ. ಶಾಲೆಯಿಂದ ಅವ್ವನ ಮನೆ ಹತ್ತು ನಿಮಿಷದ ದಾರಿ. ಆ ದಾರಿಯಲ್ಲಿ ನಾನು ಆರು ತಿಂಗಳು ಕಾಲಿಡಲಿಲ್ಲ.

ಮುಂದಿನ ಎಳ್ಳಮಾವಾಸ್ಯೆ ಬಂತು. ಹಬ್ಬದ ಹಿಂದಿನ ದಿನ ಮೂಲೆಯ ರೊಟ್ಟಿ ಸೆಂಟರಿನಾಕೆ, ನಿಮ್ಮ ಅವ್ವ ಬಂದಿದ್ದರಲ್ಲ, ಅರವತ್ತು ಸಜ್ಜೆ ರೊಟ್ಟಿ ಕಟ್ಟಿಸಿಕೊಂಡು ಹೋದರು ಎಂದಳು. ನಾನು ನಂಬಲಿಲ್ಲ. ಅವ್ವ ಕಲಬುರಗಿಗೆ ಬಂದಿದ್ದಾಳೆ, ನಮ್ಮ ಓಣಿಗೇ ಬಂದಿದ್ದಾಳೆ, ಕೊಂಡ ರೊಟ್ಟಿ ಹೊತ್ತುಕೊಂಡು ನಮ್ಮ ಗೇಟು ದಾಟಿ ಹೋಗಿದ್ದಾಳೆ. ಹೊರಗಿನ ರೊಟ್ಟಿ ಮುಟ್ಟದವಳು. ಆ ಸಂಜೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಹೇಳದಿದ್ದರೇನು, ತಿಳಿದುಕೊಂಡಿದ್ದಾಳೆ ಎಂದುಕೊಂಡೆ. ಹಬ್ಬಕ್ಕೆ ಹೋಗಲು ಅದೇ ಕಾರಣವಾಯಿತು. ಮಿಲ್ಲಿನಲ್ಲಿ ಕೆಲಸವಿದ್ದುದರಿಂದ ನಮ್ಮ ಮನೆಯವರು ಬರಲಿಲ್ಲ, ನಾನೊಬ್ಬಳೇ ಬಸ್ಸಿನಲ್ಲಿ ಹೋದೆ.

ಅದೇ ಹೊಲ, ಅದೇ ಸಾಲು. ಈ ಸಲ ಬಲಗೈಯಿಂದ ರೊಟ್ಟಿ ಮುರಿದೆ. ಪೂರ್ತಿ ಹಿಡಿತ ಬಂದಿರಲಿಲ್ಲ, ಬರುವುದೂ ಇಲ್ಲ, ಆದರೆ ಮುರಿಯಿತು. ಆಗ ಅವ್ವ ಸಾಲಿನ ಆ ತುದಿಯಿಂದ ಕಾಕಿಗೆ ಇನ್ನೊಂದು ರೊಟ್ಟಿ ಹಾಕುತ್ತಾ, ಎಲ್ಲವನ್ನೂ ನನ್ನ ಮಗಳೇ ಬಡಿದಿದ್ದಾಳೆ, ಈಗ ಅವಳಿಗೆ ಏನೂ ಇಲ್ಲ ಎಂದು ಹೇಳುವುದು ಕೇಳಿಸಿತು. ಕಾಕಿ ನನ್ನ ಕಡೆ ತಿರುಗಿ, ಎಷ್ಟು ದಿನ ಬಡಿದೆ ಯವ್ವಾ ಎಂದು ಕೇಳಿದಳು. ಸಾಲೆಲ್ಲ ನನ್ನ ಕಡೆ ನೋಡಿತು. ಅವ್ವನೂ ನೋಡಿದಳು. ಹೂಂ ಅನ್ನು ಎಂದು ಅವಳ ಕಣ್ಣು ಹೇಳುತ್ತಿತ್ತು.

ಆಗ ನನಗೆ ತಿಳಿಯಿತು. ಅವ್ವ ರೊಟ್ಟಿ ಕೊಂಡದ್ದು ನನ್ನ ಕೈ ಉಳಿಸಲಲ್ಲ, ಮಗಳಿಗೆ ಜಡ್ಡಿದೆ ಎಂಬುದನ್ನು ಮುಚ್ಚಲು. ಹೋದ ವರ್ಷ ಸೆರಗು, ಈ ವರ್ಷ ರೊಟ್ಟಿ. ಹೂಂ ಎಂದರೆ ಬರುವ ವರ್ಷವೂ ನಾನು ನೆಟ್ಟಗಿರಬೇಕು, ಅದರ ಮುಂದಿನ ವರ್ಷವೂ. ಯಾರದೋ ಮದುವೆಗೆ ಬಂದು ರೊಟ್ಟಿ ಬಡಿ ಎಂದು ಕರೆ ಬರುತ್ತದೆ.

"ಒಂದೂ ಬಡದಿಲ್ಲ ಕಾಕಿ," ಎಂದೆ. "ಅವ್ವ ಕಲಬುರ್ಗ್ಯಾಗ ಕೊಂಡು ತಂದಾಳ. ನನ್ನ ಕೈಗಿ ಜಡ್ಡದ, ಅದು ಹೋಗಂಗಿಲ್ಲ. ಇದ್ದಷ್ಟು ಕೈ ನನಗ ಬಸ್ ಹತ್ತಾಕ ಬೇಕು."

ಕಾಕಿ ರೊಟ್ಟಿ ಒಳ್ಳೆಯದಿದೆ ಬಿಡು ಎಂದು ತಿನ್ನತೊಡಗಿದಳು. ಅವ್ವ ಬಡಿಸುವುದನ್ನು ಬಿಟ್ಟು ಪಾತ್ರೆಗಳ ಹತ್ತಿರ ಹೋಗಿ ಕೂತಳು, ನನಗೆ ಬೆನ್ನು ಮಾಡಿ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಮನೆಗೆ ಬಂದ ಮೇಲೂ ನನಗೆ ಬೆನ್ನು ಮಾಡಿಯೇ ಓಡಾಡಿದಳು. ನಾನು ಹೋಗಿಬರುತ್ತೇನೆ ಎಂದೆ. ಅವ್ವ ಹಣ್ಣಾದ ಗೊನೆಯಿಂದ ಬಾಳೆಹಣ್ಣು ಬಿಡಿಸಿ ಚೀಲಕ್ಕೆ ತುಂಬಿ, ಅದನ್ನು ತಾನೇ ಎತ್ತಿಕೊಂಡು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು.

ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಹಬ್ಬದ ಜನ. ನಾನು ಬಸ್ಸು ಹತ್ತುವುದನ್ನು ಅವ್ವ ಈ ಎರಡು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಹುಮನಾಬಾದ್ ಕಡೆಯಿಂದ ಬಸ್ಸು ಬಂದು ನಿಂತಿತು, ಹೆಂಗಸರು ನುಗ್ಗಿದರು. ನಾನು ಬಾಗಿಲ ಬುಡಕ್ಕೆ ಬಂದು, ಬಾಳೆಹಣ್ಣಿನ ಚೀಲಕ್ಕಾಗಿ ಹಿಂದಕ್ಕೆ ಒಂದು ಕೈ ಚಾಚಿದೆ, ಇನ್ನೊಂದನ್ನು ಕಂಬಿಗೆ ಹಾಕಿದೆ. ಅವ್ವ ಚೀಲ ಕೊಡಲಿಲ್ಲ. ಹಿಂದಿದ್ದ ಹೆಂಗಸರ ಎದುರಿಗೆ ಮೊಣಕೈ ಅಡ್ಡ ಹಿಡಿದು ನಿಂತಳು, ಒಬ್ಬಾಕೆ ಬೈದರೂ ಸರಿಯಲಿಲ್ಲ.

"ಚೀಲ ನಾ ಕಿಡಕ್ಯಾಗಿಂದ ಕೊಡ್ತೀನಿ," ಎಂದಳು. "ನೀ ಎರಡೂ ಕೈಲೆ ಹಿಡಿ."

ನಾನು ಎರಡೂ ಕೈಯಿಂದ ಕಂಬಿ ಹಿಡಿದು, ಕಾಲು ಎತ್ತಿ, ನಿಧಾನವಾಗಿ ಏರಿದೆ. ಸೀಟು ಸಿಕ್ಕಿತು. ಕಿಟಕಿಯಿಂದ ಚೀಲ ಒಳಗೆ ಬಂತು, ಅದನ್ನೂ ಎರಡೂ ಕೈಯಿಂದ ತೆಗೆದುಕೊಂಡೆ. ನಾನು ಅವಳನ್ನು ಕ್ಷಮಿಸಿರಲಿಲ್ಲ, ಅವಳೂ ನನ್ನನ್ನು ಕ್ಷಮಿಸಿರಲಿಲ್ಲ. ಬಸ್ಸು ಹೊರಡುವವರೆಗೂ ಅವ್ವ ಕೆಳಗೆ ನಿಂತು ನನ್ನ ಕೈಗಳನ್ನೇ ನೋಡುತ್ತಿದ್ದಳು.